ಆಲೆಮನೆ ಬೆಳಕಿನ ಕೋಳಿಗಳು

ನಮ್ಮ ಮನೆಯಲ್ಲಿ ಸರಿಯಾದ ಕತ್ತಲೆ ಅಂತ ಇದ್ದದ್ದು ಒಂದೇ ಕೋಣೆಯಲ್ಲಿ. ಮಿಕ್ಕ ಮನೆಗೆಲ್ಲ ಆಲೆಮನೆಯ ಬೆಳಕು ನುಗ್ಗುತ್ತಿತ್ತು. ಹಿತ್ತಿಲಿಗೆ ಅಂಟಿಕೊಂಡೇ ಅಪ್ಪ ಬೆಲ್ಲದ ಆಲೆಮನೆ ನಡೆಸುತ್ತಿದ್ದ. ತ್ರೀಫೇಸ್ ಕರೆಂಟು ಕೊಡುತ್ತಿದ್ದದ್ದು ರಾತ್ರಿ ಹೊತ್ತು, ಹಾಗಾಗಿ ಗಾಣ ತಿರುಗುತ್ತಿದ್ದದ್ದೂ ರಾತ್ರಿಯೇ. ಕಬ್ಬಿನ ಸಿಪ್ಪೆ ತುಂಬಿದ ಒಲೆ ಬೆಳಗಿನ ಜಾವದವರೆಗೆ ಧಗಧಗ ಉರಿಯುತ್ತಿತ್ತು, ಕೊಪ್ಪರಿಗೆಯ ಮೇಲೆ ಒಂದು ದೊಡ್ಡ ಬಲ್ಬು ನೇತಾಡುತ್ತಿತ್ತು. ಹಜಾರದಲ್ಲಿ ಮಲಗಿದರೆ ಗೋಡೆಯ ಮೇಲೆ ನಮ್ಮ ನೆರಳು ನಮಗೇ ಕಾಣಿಸುತ್ತಿತ್ತು. ಕಣ್ಣಿನ ಮೇಲೆ ಕಂಬಳಿಯ ಅಂಚು ಎಳೆದುಕೊಂಡು ನಿದ್ದೆ ಮಾಡುವುದನ್ನು ನಾನು ನಡೆಯುವುದಕ್ಕಿಂತ ಮೊದಲೇ ಕಲಿತಿದ್ದೆನಂತೆ. ಮನೆಗೆ ಬಂದ ನೆಂಟರು ಬೆಳಕಿಗೂ ಪಾಕದ ವಾಸನೆಗೂ ನಿದ್ದೆ ಬರಲಿಲ್ಲ ಎಂದು ಗೊಣಗಿದರೆ ಅಜ್ಜಿ ಅವರನ್ನು ನಾಜೂಕಿನವರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅಡುಗೆಮನೆಯ ಪಕ್ಕದ ಆ ಒಂದು ಕೋಣೆಗೆ ಮಾತ್ರ ಕಿಟಕಿ ಇರಲಿಲ್ಲ. ಸೂರಿನ ಹತ್ತಿರ ಒಂದು ಸಣ್ಣ ಕಿಂಡಿಯಿತ್ತು, ಅದಕ್ಕೂ ಹಳೇ ಸೀರೆ ತುರುಕಿದ್ದರು. ಯಾರಾದರೂ ಹೆರಿಗೆಗೆ ಬಂದರೆ ಅದು ಬಾಣಂತಿ ಕೋಣೆ. ಇಲ್ಲದಿದ್ದಾಗ ಅಲ್ಲಿ ರಾಗಿ ಮೂಟೆ, ಹುಣಸೆಹಣ್ಣಿನ ಮಡಕೆ.

ಜಯತ್ತೆ ಅಪ್ಪನ ಕೊನೇ ತಂಗಿ. ಅವರಿಬ್ಬರ ನಡುವೆ ಹುಟ್ಟಿದವರು ಯಾರೂ ಉಳಿಯಲಿಲ್ಲ, ಆದ್ದರಿಂದ ವಯಸ್ಸಿನಲ್ಲಿ ಅವಳು ಅಪ್ಪನಿಗಿಂತ ನನಗೇ ಹತ್ತಿರ. ಅವಳು ಕುಂಟೆಬಿಲ್ಲೆ ಆಡಿದ್ದು, ನನ್ನ ತಲೆಯ ಹೇನು ಹೆಕ್ಕಿದ್ದು, ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದ್ದು ಎಲ್ಲವೂ ನನ್ನ ಜೊತೆಗೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳ ಮದುವೆಯಾಯಿತು. ಆಗ ಅವಳಿಗೆ ಹದಿನಾರು ತುಂಬಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಅವ್ವ ಆ ಮಾತಿಗೆ ಹೂಂ ಅನ್ನುತ್ತಿರಲಿಲ್ಲ. ಗಂಡಿನವರದು ಹೊಣಕೆರೆ ಕಡೆ ಊರು, ಎರಡು ಪಂಪ್‌ಸೆಟ್ಟು, ಕೂಡುಮನೆ. ವರದಕ್ಷಿಣೆ ಏನೂ ಕೇಳಲಿಲ್ಲ.

"ಇಂಥ ಸಂಬಂಧ ನಾವು ಹುಡುಕ್ದಾಗ ಸಿಕ್ಕಾಕಿಲ್ಲ" ಅಂದ ಅಪ್ಪ. ಮದುವೆ ಮುಗಿಸಿದ.

ಮಾರನೆಯ ವರ್ಷವೇ ಅತ್ತೆ ತುಂಬು ಹೊಟ್ಟೆಯಲ್ಲಿ ತವರಿಗೆ ಬಂದಳು. ಹೆರಿಗೆ ಕಷ್ಟವಾಯಿತು. ಆ ಕತ್ತಲೆ ಕೋಣೆಯ ಬಾಗಿಲು ಮುಂಜಾನೆ ಹಾಕಿದ್ದು ಮಧ್ಯಾಹ್ನ ತೆಗೆಯಿತು. ಮಗು ಅಳಲಿಲ್ಲ. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟಳು, ಅವ್ವ ಅಪ್ಪನ ಕೈಗೆ ಕೊಟ್ಟಳು, ಅಪ್ಪ ಗುದ್ದಲಿ ಹಿಡಿದುಕೊಂಡು ಗದ್ದೆ ಕಡೆ ಹೋದ. ನಾನು ಜಗಲಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಅಪ್ಪ ವಾಪಸು ಬಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ. ಅವರೇಕಾಳು ಸಾರು, ಮುದ್ದೆ. ಎಲ್ಲರೂ ಉಂಡೆವು. ಯಾರೂ ಆ ಮಗುವಿನ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದಕ್ಕೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಈಗಲೂ ಸಾವಿನ ಮನೆಗೆ ಹೋದರೆ ನಾನು ಮೊದಲು ಕಾಫಿ ಕಾಯಿಸುವುದಕ್ಕೆ ಒಳಗೆ ಹೋಗುತ್ತೇನೆ. ನನ್ನ ಗಂಡ ಇದನ್ನು ಕಲ್ಲುಮನಸ್ಸು ಅನ್ನುತ್ತಾನೆ. ಕಲ್ಲೋ ಏನೋ, ಆ ಮನೆಯಲ್ಲಿ ಬೆಳೆದವರಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಮಗು ಹೋದರೂ ಅಜ್ಜಿ ಬಾಣಂತನವನ್ನು ಒಂದು ದಿನಕ್ಕೂ ಬಿಡಲಿಲ್ಲ.

"ಮಗು ಇಲ್ದಿದ್ರೇನು, ಮೈ ಬಾಣಂತಿ ಮೈಯೇ ತಾನೆ" ಅಂದಳು.

ತಲೆಗೆ ಬಟ್ಟೆ ಕಟ್ಟಿದರು, ಕಿವಿಗೆ ಹತ್ತಿ ಇಟ್ಟರು, ಹಂಡೆ ಹಂಡೆ ಸುಡುನೀರು ಹುಯ್ದರು. ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪದನ್ನ. ಸಾಂಬ್ರಾಣಿ ಹೊಗೆಯನ್ನು ತೊಟ್ಟಿಲಿಗೆ ತೋರಿಸುವ ಬದಲು ಅತ್ತೆಯ ಒದ್ದೆ ಕೂದಲಿಗೆ ಮಾತ್ರ ತೋರಿಸಿದರು. ಎದೆಯಲ್ಲಿ ಹಾಲು ಕಟ್ಟಿಕೊಂಡಾಗ ಅವ್ವ ಮಲ್ಲಿಗೆ ಮೊಗ್ಗು ತಂದು ಎದೆಗೆ ಒತ್ತಿ ಬಟ್ಟೆ ಬಿಗಿದಳು. ಹಾಲು ಬತ್ತಲಿ ಅಂತ. ಕೋಣೆಯ ತುಂಬ ಮಲ್ಲಿಗೆ ಘಮ ಅನ್ನುತ್ತಿತ್ತು, ಒಳಗೆ ಹೋದರೆ ಯಾರದೋ ಮದುವೆಮನೆಗೆ ಹೋದ ಹಾಗಿತ್ತು. ಅತ್ತೆ ಹೇಳಿದ ಹಾಗೆ ಕೇಳುತ್ತಿದ್ದಳು. ಏಳು ಅಂದರೆ ಏಳುವಳು, ಉಣ್ಣು ಅಂದರೆ ಉಣ್ಣುವಳು. ಒಂದು ಸಲವೂ ಅತ್ತದ್ದನ್ನು ನಾನು ಕಾಣಲಿಲ್ಲ. ನಮ್ಮ ಕಡೆ ಬಾಣಂತನ ಮುಗಿದ ಮೇಲೆ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಮಗುವೇ ಇಲ್ಲವಾದ್ದರಿಂದ ಯಾರು ಯಾವತ್ತು ಬರಬೇಕು ಎಂಬುದು ಅವರಿಗೂ ತಿಳಿಯಲಿಲ್ಲವೋ ಏನೋ, ಯಾರೂ ಬರಲಿಲ್ಲ. ಬಂದದ್ದು ಅತ್ತೆಯ ಅತ್ತೆ ಆಡಿದ ಒಂದು ಮಾತು, ಅದೂ ಸಂತೆಗೆ ಹೋದವರ ಬಾಯಲ್ಲಿ: "ಆ ಹುಡ್ಗಿ ಕೈಗುಣ ಸರೀಗಿಲ್ಲ, ಅವಳ ತಾವ ಏನೂ ನಿಲ್ಲಾಕಿಲ್ಲ." ಅಪ್ಪ ಅದನ್ನು ಕೇಳಿಕೊಂಡು ಬಂದು ಅವ್ವನ ಹತ್ತಿರ ಹೇಳಿದ. ಅಡುಗೆಮನೆಯಲ್ಲಿ ಆಡಿದ ಮಾತು ಪಕ್ಕದ ಕೋಣೆಗೆ ಕೇಳಿಸದೆ ಇರುತ್ತದೆಯೆ.

ಅದಾದ ಮೇಲೇ ಅಪ್ಪ ಸಂತೆಬಾಚಹಳ್ಳಿ ಸಂತೆಯಿಂದ ಕೋಳಿ ತಂದದ್ದು. ಎರಡು ಬಿದಿರು ಮಂಕರಿಯ ತುಂಬ ಬಿಳೀ ಫಾರಂ ಕೋಳಿ, ಇನ್ನೂ ಮೊಟ್ಟೆಗೆ ಬರದ ಹ್ಯಾಟೆಗಳು. ಅವುಗಳ ಜುಟ್ಟು ಇನ್ನೂ ಚಿಕ್ಕದಾಗಿ, ಬಣ್ಣ ಕಟ್ಟದೆ ಇತ್ತು. ಸಂಕ್ರಾಂತಿ ಕಳೆದ ಮೇಲೆ ಮೊಟ್ಟೆ ಇಡುತ್ತವೆ ಎಂದು ಮಾರಿದವನು ಹೇಳಿದ್ದನಂತೆ.

"ಇವನ್ನ ನೀನೇ ನೋಡ್ಕೋ ಜಯಾ. ಸುಮ್ಕೆ ಕೂತ್ಕಂಡಿದ್ರೆ ಆಯ್ತದಾ?" ಅಂದ ಅಪ್ಪ. ಆಮೇಲೆ ಅವ್ವನ ಕಡೆ ತಿರುಗಿ, ಅತ್ತೆಗೂ ಕೇಳುವ ಹಾಗೆ, "ನಾಕು ಜನದ ಬಾಯಿಗೆ ಮೊಟ್ಟೆ ಬಿದ್ರೆ ಕೈಗುಣದ ಮಾತು ತಾನಾಗೇ ನಿಲ್ತದೆ" ಅಂದ.

ಅಪ್ಪನ ಉಪಾಯ ಇಷ್ಟೇ. ಜಯತ್ತೆಯ ಕೈಯಲ್ಲಿ ಕೋಳಿ ಚೆನ್ನಾಗಿ ಆಗಬೇಕು, ಆ ಸುದ್ದಿ ಹೊಣಕೆರೆ ಕಡೆ ಮುಟ್ಟಬೇಕು, ಅವರು ಬಂದು ಕರೆದುಕೊಂಡು ಹೋಗಬೇಕು. ಗೂಡನ್ನು ಆಲೆಮನೆಯ ಗೋಡೆಗೆ ಒರಗಿಸಿ ಕಟ್ಟಿಸಿದ. ಬೆಚ್ಚಗಿರುತ್ತದೆ, ಬೆಳಕಿದ್ದರೆ ಕಾಡುಬೆಕ್ಕು ಸುಳಿಯುವುದಿಲ್ಲ, ಒಲೆ ಹಾಕುವ ಆಳಿನ ಕಣ್ಣೂ ಅದರ ಮೇಲಿರುತ್ತದೆ. ಆಲೆಮನೆಯವರು ಯಾರೇ ಆದರೂ ಅಲ್ಲೇ ಕಟ್ಟುತ್ತಿದ್ದರು. ಅತ್ತೆ ರಾಗಿ, ನುಚ್ಚು, ಹಿಂಡಿ ಹಾಕುತ್ತಿದ್ದಳು. ಜೊತೆಗೆ ಪಾಕ ಕಾಯುವಾಗ ಮೇಲೆ ಬರುವ ಮಡ್ಡಿಯನ್ನು ಆರಿಸಿ ತೌಡಿಗೆ ಕಲಸಿ ಇಡುತ್ತಿದ್ದಳು. ಸಿಹಿಯಾದ ಆ ಮಡ್ಡಿಗೆ ಕೋಳಿಗಳು ಮುಗಿಬೀಳುತ್ತಿದ್ದವು. ಅವಕ್ಕೆ ಮೈ ತುಂಬಿಕೊಳ್ಳುತ್ತಿದ್ದ ಹಾಗೆ ಅತ್ತೆಯೂ ಒಂದೆರಡು ಮಾತು ಆಡತೊಡಗಿದಳು. ಬೆಳಗಿನ ಜಾವ ನಾನು ಹಿತ್ತಿಲಿಗೆ ಎದ್ದುಹೋದಾಗ, ಊರಿನ ಹುಂಜ ಇನ್ನೂ ಕೂಗಿರದ ಹೊತ್ತಿನಲ್ಲಿ, ನಮ್ಮ ಕೋಳಿಗಳು ಎಚ್ಚರವಾಗಿ ಒಲೆ ಬೆಳಕಿನಲ್ಲಿ ಮೇಯುತ್ತಿದ್ದವು.

ದೀಪಾವಳಿ ಕಳೆದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಮೊಟ್ಟೆ ಶುರುವಾಯಿತು. ಮೊದಮೊದಲು ಗೋಲಿಯಂಥವು, ಆಮೇಲೆ ಒಂದೊಂದು ಬಾತುಕೋಳಿ ಮೊಟ್ಟೆಯಷ್ಟು ದಪ್ಪ, ಒಡೆದರೆ ಒಳಗೆ ಎರಡೆರಡು ಹಳದಿ ಲೋಳೆ. ಅಜ್ಜಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ತೋರಿಸಿಕೊಂಡು ಬಂದಳು.

"ಸಂಕ್ರಾಂತಿಗೆ ಇಡ್ಬೇಕಾಗಿದ್ದೋವು ಈಗ್ಲೇ ಇಡ್ತಾವೆ. ಕೈಗುಣ ಅಂದ್ರೆ ಇದು ಕಣ್ರವ್ವ."

ಪಕ್ಕದ ಮನೆಯ ಪುಟ್ಟಮ್ಮ ಹೌದು ಹೌದು ಎಂದು ನಾಲ್ಕು ಮೊಟ್ಟೆ ಇಸಿದುಕೊಂಡಳು. ಅಪ್ಪ ಹೊಣಕೆರೆ ಕಡೆ ಹೊರಟಿದ್ದ ಒಬ್ಬರ ಕೈಯಲ್ಲಿ ಬುಟ್ಟಿಯಲ್ಲಿ ಹುಲ್ಲು ಹಾಕಿ ಮೊಟ್ಟೆ ಕಳಿಸಿದ. ಆ ವಾರ ಮನೆಯಲ್ಲಿ ಎಲ್ಲರೂ ಸ್ವಲ್ಪ ನಕ್ಕರು ಅಂತ ನೆನಪು.

ಒಂದು ಬೆಳಿಗ್ಗೆ ನಾನು ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಹೋದಾಗ ಅತ್ತೆ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೋಳಿ ಮೂಲೆಗೆ ಒತ್ತಿಕೊಂಡು ನಿಂತಿತ್ತು. ಮೊಟ್ಟೆ ಇಡುವ ಜಾಗದಿಂದ ಕೆಂಪಗೆ, ಒದ್ದೆಯಾಗಿ, ನಿಂಬೆಹಣ್ಣಿನಷ್ಟು ದಪ್ಪದ್ದೊಂದು ಹೊರಗೆ ಬಂದು ತೂಗುತ್ತಿತ್ತು. ಕೋಳಿ ಮತ್ತೆ ಮತ್ತೆ ತಿಣುಕುತ್ತಿತ್ತು. ಉಳಿದವು ಆ ಕೆಂಪನ್ನು ಕಂಡು ಸರತಿಯ ಮೇಲೆ ಬಂದು ಕುಕ್ಕುತ್ತಿದ್ದವು. ಅತ್ತೆ ಅದನ್ನು ಎತ್ತಿಕೊಂಡಳು, ಆದರೆ ಅಷ್ಟು ಹೊತ್ತಿಗೆ ಕರುಳೇ ಬಂದಿತ್ತು. ಅವಳ ಮಡಿಲಲ್ಲೇ ಸತ್ತಿತು. ಅತ್ತೆ ಎದ್ದು ಸೀರೆ ಕೊಡವಿಕೊಂಡು ನನ್ನ ಜಡೆ ಹಾಕಿದಳು. ಜಡೆ ಎಂದಿನ ಹಾಗೇ ಬಿಗಿಯಾಗಿತ್ತು. ನಾನು ಇಸ್ಕೂಲಿಗೆ ಹೋದೆ.

ಮಾರನೆಯ ದಿನ ಇನ್ನೊಂದಕ್ಕೆ ಹಾಗೇ ಆಯಿತು. ಈ ಸಲ ಅವ್ವ ಹತ್ತಿರವಿದ್ದಳು. ಹಿಂದೊಮ್ಮೆ ನಮ್ಮ ಹಸುವಿಗೆ ಕರು ಹಾಕಿದ ಮೇಲೆ ಒಳಗಿನದೆಲ್ಲ ಹೊರಗೆ ಬಂದಾಗ ದನದ ಡಾಕ್ಟರು ಸಕ್ಕರೆ ತರಿಸಿಕೊಂಡು ಅದರ ಮೇಲೆ ಹಚ್ಚಿದ್ದನ್ನು ಅವಳು ಕಂಡಿದ್ದಳು.

"ಜಯಾ, ಬೆಚ್ಗಿನ ನೀರಿಗೆ ಚೂರು ಅರಿಶ್ನ ಹಾಕ್ಕಂಡು ತತ್ತಾ. ಸಕ್ಕರೆ ಡಬ್ಬಿನೂ ತಕಂಬಾ" ಅಂದಳು.

ಬೆಲ್ಲ ಬೇಯಿಸುವ ನಮ್ಮ ಮನೆಯಲ್ಲಿ ಸಕ್ಕರೆ ಅಂದರೆ ನೆಂಟರ ಕಾಫಿಗೆ. ಮಾಕವಳ್ಳಿಯ ನೆಂಟರು ತಂದುಕೊಟ್ಟ ಸಕ್ಕರೆಯ ಡಬ್ಬಿಯನ್ನು ಅವ್ವ ನನ್ನ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡುತ್ತಿದ್ದಳು. ಅವತ್ತು ಅದನ್ನು ಹಿಡಿಹಿಡಿಯಾಗಿ ಕೋಳಿಗೆ ಹಚ್ಚಿದರು. ನಾನು ಕೋಳಿಯ ರೆಕ್ಕೆ ಒತ್ತಿ ಹಿಡಿದಿದ್ದೆ; ಅದರ ಎದೆಬಡಿತ ನನ್ನ ಅಂಗೈಗೆ ಬಡಿಯುತ್ತಿತ್ತು. ಸಕ್ಕರೆ ಕರಗಿ ನೀರಾಗಿ ಇಳಿಯಿತು, ಬಾವು ಕಣ್ಣೆದುರಿಗೇ ಕುಗ್ಗಿತು. ಅತ್ತೆ ಬೆರಳಿಗೆ ಹರಳೆಣ್ಣೆ ಸವರಿಕೊಂಡು ಮೆಲ್ಲಗೆ ಒಳಗೆ ತಳ್ಳಿದಳು, ಮತ್ತೆ ಬಂತು, ಮತ್ತೆ ತಳ್ಳಿ ಹಾಗೇ ಒತ್ತಿ ಹಿಡಿದು ಕೂತಳು. ಮುಖದಲ್ಲಿ ಏನೂ ಇರಲಿಲ್ಲ.

"ಇದನ್ನ ಕತ್ಲಲ್ಲಿ ಕೂರಿಸ್ಬೇಕು. ಬೆಳಕಲ್ಲಿದ್ರೆ ಮೊಟ್ಟೆ ಇಡೋಕೋಗಿ ತಿಣುಕಿ ತಿರ್ಗಾ ಈಚೆಗೆ ಹಾಕ್ತದೆ" ಅಂದಳು ಅವ್ವ.

ಕತ್ತಲೆ ಇದ್ದದ್ದು ಒಂದೇ ಕೋಣೆಯಲ್ಲಿ. ಅತ್ತೆ ಕೋಳಿ ಎತ್ತಿಕೊಂಡು ಅತ್ತ ಹೊರಟಾಗ ಅಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಬಾಣಂತಿ ಕ್ವಾಣೆಗೆ ಕೋಳಿ ಬುಡ್ತಾರೇನೇ?"

"ಬಾಣಂತಿ ಎಲ್ಲವ್ಳೆ, ಅವ್ವ?" ಅಂದಳು ಅತ್ತೆ.

ದನಿಯಲ್ಲಿ ಸಿಟ್ಟಿರಲಿಲ್ಲ, ಉಪ್ಪು ಎಲ್ಲಿದೆ ಅಂತ ಕೇಳುವ ಹಾಗೆ ಕೇಳಿದಳು. ಅಜ್ಜಿ ಕೈ ತೆಗೆದಳು. ಹಾಗೆ ಒಂದೊಂದಾಗಿ ಕೋಳಿಗಳು ಒಳಗೆ ಸೇರಿದವು. ಪ್ರತಿಯೊಂದಕ್ಕೂ ಒಂದು ಮಂಕರಿ ಕವುಚಿ, ನೀರು, ಒಂದು ಹಿಡಿ ನುಚ್ಚು ಮಾತ್ರ. ಅತ್ತೆ ತಾನು ಬಾಣಂತನದಲ್ಲಿ ಮಲಗುತ್ತಿದ್ದ ಜಾಗದಲ್ಲೇ ಚಾಪೆ ಹಾಕಿಕೊಂಡು ಅವುಗಳ ಪಕ್ಕ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಿದ್ದಳು.

ಬೀದಿಗೆ ವಿಷಯ ತಿಳಿಯಲು ಹೊತ್ತು ಬೇಕಾಗಲಿಲ್ಲ. ಮೊಟ್ಟೆ ಇಸಿದುಕೊಂಡಿದ್ದ ಪುಟ್ಟಮ್ಮನೇ ಬಾವಿಕಟ್ಟೆಯಲ್ಲಿ ಮೊದಲು ಅಂದದ್ದು.

"ಅವಳು ಮುಟ್ಟಿದ್ದೆಲ್ಲ ಇಂಗೇ ಆಯ್ತದೆ. ತನ್ನೊಟ್ಟೇಲಿ ನಿಲ್ನಿಲ್ಲ, ಕೋಳಿ ಒಟ್ಟೇಲೂ ನಿಲ್ತಾ ಇಲ್ಲ."

ಅಜ್ಜಿ ಅವಳ ಜೊತೆ ಜಗಳ ಕಾದು ಬಂದಳು. ಬಂದವಳು ಮಗಳಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು; ಅವಳಿಗೂ ಒಳಗೊಳಗೆ ಹೌದೇನೋ ಅನ್ನಿಸಿತ್ತು. ಅಪ್ಪನಿಗೆ ಹೊಣಕೆರೆಯದೇ ಯೋಚನೆ. ಕಳಿಸಿದ ಮೊಟ್ಟೆಯ ಬೆನ್ನಿಗೆ ಈ ಸುದ್ದಿಯೂ ಅಲ್ಲಿಗೆ ಹೋಗುತ್ತದಲ್ಲ.

"ಇನ್ಮ್ಯಾಕೆ ಕೋಳಿ ತಂಟೆ ನಿಂಗೆ ಬ್ಯಾಡ ಜಯಾ. ನಿಮ್ಮತ್ತಿಗೆ ನೋಡ್ಕತಾಳೆ" ಅಂದ.

ಅತ್ತೆ ಸರಿ ಎಂದು ತಲೆಯಾಡಿಸಿದಳು. ಗೂಡಿನಲ್ಲಿ ಉಳಿದ ಕೋಳಿಗಳಿಗೆ ಅವ್ವನೇ ಮೇವು ಹಾಕಿದಳು, ಅವ್ವನೇ ಮೊಟ್ಟೆ ಹೆಕ್ಕಿದಳು. ಹೆತ್ತ ಮಗುವನ್ನು ಉಳಿಸಿಕೊಂಡವಳು ಅವ್ವ. ಕೈಗುಣ ಒಳ್ಳೆಯದೆಂದು ಊರಿನವರು ಮದುವೆಮನೆಗೆ ಅಕ್ಕಿ ಅಳೆಯಲು ಅವಳನ್ನೇ ಕರೆಯುತ್ತಿದ್ದರು. ಆ ವಾರವೇ ಅವಳ ಕೈಕೆಳಗೆ ಮತ್ತೆರಡು ಕೋಳಿಗೆ ಅದೇ ಗತಿಯಾಯಿತು. ಅವ್ವ ಅವನ್ನು ತಾನೇ ಹಿಡಿದುಕೊಂಡು ಕತ್ತಲೆ ಕೋಣೆಗೆ ಹೋದಳು, ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಏನು ಮಾತಾಡಿಕೊಂಡರೋ ನನಗೆ ತಿಳಿಯದು.

ಅವತ್ತು ಸಂಜೆ ಊಟಕ್ಕೆ ಕೂತಿದ್ದೆವು. ಕೋಳಿಗಳನ್ನೆಲ್ಲ ಬರುವ ಸಂತೆಗೆ ಹಾಕಿಬಿಡುತ್ತೇನೆ, ಪೀಡೆ ಹೋಗಲಿ ಎಂದು ಅಪ್ಪ ಹೇಳಿದ. ಬಡಿಸುತ್ತಿದ್ದ ಅತ್ತೆ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಕೈಗುಣ ಅಲ್ಲ ಕಣಣ್ಣಯ್ಯ. ಕ್ವಾಣೇಲಿರೋವು ಮೊಟ್ಟೆ ಇಡೋದ ನಿಲ್ಸವೆ, ಚೆನ್ನಾಗವೆ. ಗೂಡಲ್ಲಿರೋವುಕ್ಕೆ ರಾತ್ರಿ ಅನ್ನೋದೇ ಇಲ್ಲ. ಬೆಳಕದೆ ಅಂತ ತಿಂತವೆ, ನಾನೂ ಮಡ್ಡಿ ಹಾಕ್ಬುಟ್ಟೆ, ಕೊಬ್ಬು ಬಂತು. ಮೈ ಬಲಿಯಾಕ್ ಮುಂಚೇನೇ ಮೊಟ್ಟೆ ಇಡ್ತಾವೆ. ಅವಿನ್ನೂ ಮರಿ ಕಣಣ್ಣಯ್ಯ. ಮೊಟ್ಟೆ ದೊಡ್ಡದು, ದಾರಿ ಚಿಕ್ಕದು. ಒಳಗಿಂದು ಕಿತ್ಕಂಡು ಬರ್ದೆ ಇನ್ನೇನಾದಾತು?"

ಅಷ್ಟೂ ಕೋಳಿಯ ಮಾತೇ. ಅದಕ್ಕೆ ಅವಳು ಬೇರೆ ಏನನ್ನೂ ಸೇರಿಸಲಿಲ್ಲ. ಮತ್ತೆ ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಸಾರು ಬಿಟ್ಟಳು. ಅಪ್ಪ ಮುರಿದ ಮುದ್ದೆ ಅವನ ಬೆರಳಲ್ಲೇ ಇತ್ತು. ಅವ್ವ ನೆಲ ನೋಡುತ್ತಿದ್ದಳು. ಅಜ್ಜಿ ಯಾಕೋ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅಪ್ಪ ಆ ತುತ್ತನ್ನು ತಟ್ಟೆಗೆ ಹಾಕಿ, ಅರ್ಧ ಮುದ್ದೆ ಹಾಗೇ ಬಿಟ್ಟು, ತಟ್ಟೆಯಲ್ಲೇ ಕೈ ತೊಳೆದುಕೊಂಡ. ನಮ್ಮಲ್ಲಿ ಮುದ್ದೆ ಬಿಟ್ಟು ಏಳುವುದೆಂದರೆ ಮೈ ಸರಿಯಿಲ್ಲ ಅಂತ. ಆದರೆ ಯಾರೂ ಅವನಿಗೆ ಜ್ವರವೇ ಎಂದು ಕೇಳಲಿಲ್ಲ. ನನಗೂ ಅರ್ಥವಾಗಿತ್ತು ಅಂತ ಕಾಣುತ್ತದೆ, ಅವತ್ತು ಅಪ್ಪನ ತಟ್ಟೆಯನ್ನು ನಾನೇ ಎತ್ತಿಕೊಂಡು ಹೋದೆ.

ಬೆಳಗಾಗುತ್ತಲೇ ಅಪ್ಪ ಆಳುಗಳನ್ನು ಕರೆಯದೆ ತಾನೇ ಗೂಡು ಕಿತ್ತ. ಅದನ್ನು ಮನೆಯ ಮುಂದಿನ ಹುಣಸೆಮರದ ಕೆಳಗೆ ಕಟ್ಟಿ, ಆಲೆಮನೆ ಕಡೆಯ ಮಗ್ಗುಲಿಗೆ ಗೋಣಿಚೀಲ ಹೊಲಿದು ಇಳಿಬಿಟ್ಟ. ಮಡ್ಡಿ ಹಾಕುವುದು ನಿಂತಿತು. ಒಂದೆರಡು ವಾರದಲ್ಲಿ ಮೊಟ್ಟೆಯೂ ನಿಂತಿತು. ಪುಟ್ಟಮ್ಮ ಬಂದು ನೋಡಿ ಏನೋ ಅನ್ನಹೋದವಳು ಅಪ್ಪನ ಮುಖ ಕಂಡು ಹಾಗೇ ಹೋದಳು. ಕೋಳಿಗಳು ಕತ್ತಲಾದ ತಕ್ಷಣ ಮಲಗಿ, ಊರಿನ ಕೋಳಿಗಳ ಜೊತೆ ಎದ್ದು, ತಮ್ಮ ಪಾಡಿಗೆ ಬೆಳೆದವು. ಅವುಗಳ ಜುಟ್ಟು ದಪ್ಪಗಾಗಿ ಕೆಂಪೇರಿತು. ಉಳಿದ ಯಾವುದಕ್ಕೂ ಮತ್ತೆ ಹಾಗಾಗಲಿಲ್ಲ.

ಹೊಣಕೆರೆಯವರು ಬಂದದ್ದು ಆಗ. ಮೊಟ್ಟೆಯ ಸುದ್ದಿ ಹೋಗಿತ್ತೋ ಇನ್ನೊಂದು ಸುದ್ದಿ ಹೋಗಿತ್ತೋ, ಅಂತೂ ಅತ್ತೆಯ ಗಂಡ ಮತ್ತು ಅವನಣ್ಣ ಮಧ್ಯಾಹ್ನದ ಬಸ್ಸಿಗೆ ಇಳಿದರು. ಕೈಚೀಲದಲ್ಲಿ ಹೂವು, ಎಲೆಅಡಿಕೆ, ಒಂದು ಹಸಿರು ಸೀರೆ. ಇಷ್ಟು ದಿನ ಮನೆಯವರೆಲ್ಲ ಕಾಯುತ್ತಿದ್ದದ್ದು ಇದಕ್ಕೇ. ಅಜ್ಜಿಗೆ ಕೈಕಾಲು ಆಡದಷ್ಟು ಸಂತೋಷ. ಅವ್ವ ಒಲೆಯ ಮೇಲೆ ಎಸರಿಟ್ಟಳು. ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನು ಅವಳ ಪಕ್ಕ.

ಗಂಡನ ಅಣ್ಣನೇ ಮಾತು ತೆಗೆದರು. "ಆಗಿದ್ದಾಯ್ತು ಬಾವ. ಮುಂದಿನ್ವರ್ಷ ದೇವ್ರು ಕಣ್ಬುಟ್ರೆ ಮಗ ಆಯ್ತದೆ. ಕಳ್ಸಿಕೊಡಿ."

"ಈಗ ಕಳ್ಸಾಕಿಲ್ಲ" ಅಂದ ಅಪ್ಪ.

"ಯಾಕೆ, ಹುಸಾರಿಲ್ವಾ?"

"ಹುಸಾರಾಗವ್ಳೆ."

"ಮತ್ತೆ?"

"ಇನ್ನೂ ಚಿಕ್ಕೋಳು. ಎರಡು ವರ್ಸ ಬುಟ್ಟು ಬನ್ನಿ."

ಅವರು ತಮ್ಮನ ಮುಖ ನೋಡಿದರು, ಆಮೇಲೆ ಅಪ್ಪನ ಮುಖ. "ಮದ್ವೆ ಮಾಡಿಕೊಟ್ಟೋರು ನೀವೇ. ಚಿಕ್ಕೋಳು ಅಂತ ಇವತ್ತು ಗೊತ್ತಾಯ್ತಾ ನಿಮ್ಗೆ?"

"ಹೂಂ" ಅಂದ ಅಪ್ಪ. "ಇವತ್ತು ಗೊತ್ತಾಯ್ತು."

ಅಜ್ಜಿ ಒಳಗಿನಿಂದ ಬಂದು ಅಪ್ಪನ ತೋಳು ಹಿಡಿದು ಏನಾಗಿದೆಯೋ ನಿನಗೆ, ಬಂದ ಲಕ್ಷ್ಮೀನ ಒದೀತೀಯಾ ಎಂದಳು. ಅಪ್ಪ ಅವಳ ಕೈ ಬಿಡಿಸಿಕೊಳ್ಳಲೂ ಇಲ್ಲ, ಮಾತು ಬದಲಿಸಲೂ ಇಲ್ಲ. ಅವರು ಉಣ್ಣದೆ ಎದ್ದರು. ಅತ್ತೆಯ ಗಂಡ, ಅವನೂ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ಜಗಲಿ ಇಳಿಯುವಾಗ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಸೀರೆಯ ಚೀಲವನ್ನು ಕಂಬದ ಪಕ್ಕ ಬಿಟ್ಟೇ ಹೋದ. ಮರೆತನೋ ಬೇಕೆಂದೇ ಬಿಟ್ಟನೋ, ಎರಡು ವರ್ಷ ಬಿಟ್ಟು ಒಬ್ಬನೇ ಬಂದಾಗಲೂ ಹೇಳಲಿಲ್ಲ. ಆಗ ಅತ್ತೆ ಹೋದಳು, ಇಬ್ಬರು ಮಕ್ಕಳಾದರು, ಅವರು ಈಗ ನನಗಿಂತ ಎತ್ತರ ಇದ್ದಾರೆ. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ತಂಗಿಯ ಬಾಳನ್ನು ಕೈಯಾರೆ ಕೆಡಿಸಿದ ಎಂದೇ ಬೀದಿಯೆಲ್ಲ ಅಂದುಕೊಂಡಿತು, ಅಜ್ಜಿ ಬಹಳ ದಿನ ಮಗನ ಹತ್ತಿರ ಮಾತು ಬಿಟ್ಟಳು.

ಅವರು ಬೀದಿ ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಬಾಗಿಲ ಮರೆಯಿಂದ ಈಚೆಗೆ ಬಂದಳು. ಅವ್ವ ಕುದಿಯುತ್ತಿದ್ದ ಎಸರನ್ನು ಇಳಿಸುತ್ತಿದ್ದ ಹೊತ್ತು. ಅತ್ತೆ ಅವಳ ಪಕ್ಕ ಕೂತು, ಒಲೆಯನ್ನೇ ನೋಡುತ್ತ ಕೇಳಿದಳು.

"ಅತ್ತಿಗೆ, ಅದು ಏನಾಗಿತ್ತು?"

ಯಾವುದು ಎಂದು ಅವ್ವ ಕೇಳಲಿಲ್ಲ.

"ಎಣ್ಮಗ ಕಣವ್ವ. ತಲೆ ತುಂಬ ಕೂದ್ಲಿತ್ತು."

"ಎಲ್ಲಿಟ್ರಿ?"

ಅದು ಅವ್ವನಿಗೂ ಗೊತ್ತಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಅಪ್ಪ ಅಲ್ಲಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ.

"ಬಾ, ತೋರುಸ್ತೀನಿ" ಅಂದ.

ಅಪ್ಪ ಮುಂದೆ, ಅತ್ತೆ ಹಿಂದೆ, ಕಾಲುವೆ ದಾಟಿ ಬದುವಿನ ಮೇಲೆ ಹೋದರು. ನಾನೂ ಹೊರಟೆ, ಅವ್ವ ನನ್ನ ಲಂಗ ಹಿಡಿದು ನಿಲ್ಲಿಸಿದಳು. ಅವರು ವಾಪಸು ಬರುವಷ್ಟರಲ್ಲಿ ದನ ಕಟ್ಟುವ ಹೊತ್ತಾಗಿತ್ತು. ಅತ್ತೆಯ ಮುಖ ಅತ್ತು ಅತ್ತು ಊದಿಕೊಂಡಿತ್ತು. ಅಪ್ಪನ ಮುಖವೂ ಹಾಗೇ ಇತ್ತು.